ಚರ್ಚ್ ನಡೆಸುವ ಕಾಲೇಜಿನಲ್ಲಿ ನಿಯಮ ಪ್ರಶ್ನಿಸುವುದು ಹೇಗೆ: ಹಾಸ್ಟೆಲ್ ಮಕ್ಕಳಿಗೆ ಒಂದು ಕೈಪಿಡಿ

ಮೊದಲು ಕಾಗದ ಹುಡುಕಿ. ಕಾಲೇಜಿನ ಪ್ರಾಸ್ಪೆಕ್ಟಸ್, ಹಾಸ್ಟೆಲ್ ಹ್ಯಾಂಡ್‌ಬುಕ್, ಅಡ್ಮಿಷನ್ ದಿನ ನೀವೂ ನಿಮ್ಮಪ್ಪನೂ ಓದದೇ ಸಹಿ ಹಾಕಿದ ಅಂಡರ್‌ಟೇಕಿಂಗ್. ಮೂರೂ ಬೇಕು. ನಿಮ್ಮ ಹತ್ತಿರ ಇಲ್ಲದಿದ್ದರೆ ಆಫೀಸಿನಲ್ಲಿ ಕೇಳಿ ಝೆರಾಕ್ಸ್ ಮಾಡಿಸಿಕೊಳ್ಳಿ. ಆಮೇಲೆ ಒಂದು ಖಾಲಿ ಹಾಳೆ ತಗೊಂಡು, ಕಳೆದ ತಿಂಗಳು ನಿಮಗೆ ಯಾವ್ಯಾವುದಕ್ಕೆ ಬೈದರು, ಯಾವುದಕ್ಕೆ ದಂಡ ಹಾಕಿದರು, ಯಾವುದಕ್ಕೆ ಗೇಟಿನಲ್ಲಿ ನಿಲ್ಲಿಸಿದರು ಎಂದು ಬರೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನೀವು ಅನುಭವಿಸಿದ್ದರಲ್ಲಿ ಎಷ್ಟೋ ನಿಯಮ ಪುಸ್ತಕದಲ್ಲಿ ಇರುವುದೇ ಇಲ್ಲ.

ನಾನಿದ್ದ ಹಾಸ್ಟೆಲಿನ ಹ್ಯಾಂಡ್‌ಬುಕ್ಕಿನಲ್ಲಿ ನಡತೆಯ ಬಗ್ಗೆ ಇದ್ದದ್ದು ಒಂದೇ ಸಾಲು. ವಿದ್ಯಾರ್ಥಿನಿಯರು ಕ್ರೈಸ್ತ ಸಂಸ್ಥೆಯ ಗೌರವಕ್ಕೆ ತಕ್ಕಂತೆ ನಡೆದುಕೊಳ್ಳಬೇಕು, ಅಷ್ಟೇ. ಆ ಸಾಲಿನೊಳಗೆ ವಾರ್ಡನ್ ಏನು ಬೇಕಾದರೂ ತುಂಬಬಹುದಿತ್ತು, ತುಂಬಿದರು ಕೂಡ. ಬೆಳಗಾವಿಯ ಖಡೇ ಬಜಾರಿನಲ್ಲಿ ಕ್ಲಾಸಿನ ಹುಡುಗನ ಜೊತೆ ನಿಂತು ಮಾತಾಡಿದಳು ಎಂದು ಮನೆಗೆ ಫೋನ್. ಬುಧವಾರದ ಪ್ರಾರ್ಥನೆಗೆ ಬರಲಿಲ್ಲ ಎಂದು 50 ರೂಪಾಯಿ ದಂಡ, ಅದಕ್ಕೆ ರಸೀದಿ ಇಲ್ಲ. ತಲೆಸ್ನಾನ ಮಾಡಿ ಕೂದಲು ಒಣಗದೆ ಹಾಗೇ ಬಿಟ್ಟುಕೊಂಡು ಬಂದವಳಿಗೆ ಚಾಪೆಲ್ ಬಾಗಿಲಿನಿಂದಲೇ ವಾಪಸ್. ಮನೆಯಿಂದ ಬಂದ ಪಾರ್ಸೆಲ್ ವಾರ್ಡನ್ ಬಿಚ್ಚಿ ನೋಡಿದ ಮೇಲೆಯೇ ನಮ್ಮ ಕೈಗೆ. ಇವುಗಳಲ್ಲಿ ಒಂದನ್ನೂ ಯಾರೂ ಎಲ್ಲೂ ಬರೆದಿರಲಿಲ್ಲ. ಬರೆಯದ ನಿಯಮವನ್ನು ಯಾರೂ ತಪ್ಪು ಎಂದು ತೋರಿಸಲಾಗುವುದಿಲ್ಲ. ಅದು ದಿನಕ್ಕೊಂದು ತರಹ ಬದಲಾಗುತ್ತದೆ, ಮುಖ ನೋಡಿ ಬದಲಾಗುತ್ತದೆ. ಆದ್ದರಿಂದ ಕಠಿಣ ನಿಯಮದ ವಿರುದ್ಧ ನಿಮ್ಮ ಮೊದಲ ಬೇಡಿಕೆ ನಿಯಮ ತೆಗೆಯಿರಿ ಎಂದಾಗಿರಬಾರದು. ನಿಯಮ ಬರೆದು ಕೊಡಿ ಎಂದಾಗಿರಬೇಕು. ಇದನ್ನು ನಾನು ಎಷ್ಟು ಜನ ಹುಡುಗಿಯರಿಗೆ ಹೇಳಿದ್ದೇನೋ, ಇಲ್ಲೂ ಅದನ್ನೇ ಹೇಳುತ್ತೇನೆ.

ನನ್ನ ಬಗ್ಗೆ ಎರಡು ಮಾತು. ನಮ್ಮೂರು ಗುಳೇದಗುಡ್ಡ. ಬಾಸೆಲ್ ಮಿಷನ್ ನಮ್ಮೂರಿಗೆ ಬಂದದ್ದು 1851ರಲ್ಲಿ, ನಮ್ಮ ಮನೆಯವರು ಆ ಸಭೆಯವರು, ಅಂದರೆ ಆ ಚರ್ಚಿನವರು. ಡಿಗ್ರಿ ಓದಿದ್ದು ಬೆಳಗಾವಿಯಲ್ಲಿ, ಒಂದು ಕ್ರಿಶ್ಚಿಯನ್ ಕಾಲೇಜಿನ ಹಾಸ್ಟೆಲಿನಲ್ಲಿದ್ದುಕೊಂಡು. ಆಮೇಲೆ ವಿಜಯಪುರದ ಒಂದು ಅನುದಾನಿತ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆಯಾಗಿ ಕೆಲಸ ಮಾಡಿದೆ. ಹಾಗಾಗಿ ಅರ್ಜಿ ಹಿಡಿದುಕೊಂಡು ಕಿಟಕಿಯ ಆಚೆ ನಿಂತೂ ಗೊತ್ತು, ಈಚೆ ಕುಳಿತು ಆ ಅರ್ಜಿ ಯಾವ ಫೈಲಿಗೆ ಹೋಗುತ್ತದೆ, ಯಾವುದು ಎಲ್ಲಿಗೂ ಹೋಗದೆ ಡ್ರಾಯರಿನಲ್ಲೇ ಉಳಿಯುತ್ತದೆ ಎಂದೂ ಗೊತ್ತು. ಇಂದಿಗೂ ಭಾನುವಾರ ಆರಾಧನೆ ತಪ್ಪಿಸುವುದಿಲ್ಲ. ನೇಕಾರರ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದ್ದು ಮಿಷನ್ ಶಾಲೆಗಳು. ಆ ಶಾಲೆಗಳ ಹೆಸರಿನಲ್ಲಿ ಇವತ್ತು ಹುಡುಗಿಯರನ್ನು ಹೆದರಿಸಿ ಕೂರಿಸುತ್ತಾರಲ್ಲ, ಅದು ನನಗೆ ಬಹಳ ನೋವು ಕೊಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಒಂದೇ ನಿಯಮ ಆರಿಸಿಕೊಳ್ಳಿ

ಹತ್ತು ದೂರು ಸೇರಿಸಿ ಒಂದು ಉದ್ದ ಪತ್ರ ಬರೆದರೆ ಯಾವುದಕ್ಕೂ ಉತ್ತರ ಬರುವುದಿಲ್ಲ. ಪ್ರಿನ್ಸಿಪಾಲರು ಅದರಲ್ಲಿ ಸುಲಭವಾದ ಒಂದನ್ನು, ಮೆಸ್ಸಿನ ಸಾರು ನೀರಾಗಿದೆ ಎಂಬುದನ್ನು, ಸರಿಮಾಡಿ ಫೈಲ್ ಮುಚ್ಚುತ್ತಾರೆ. ಒಂದನ್ನೇ ಹಿಡಿಯಿರಿ.

ಯಾವುದನ್ನು? ರಾತ್ರಿ ಗೇಟ್ ಹಾಕುವ ಸಮಯ, ಸ್ಟಡಿ ಅವರ್‌ನಲ್ಲಿ ಗಲಾಟೆ ಬೇಡ ಎನ್ನುವುದು, ಊರಿಗೆ ಹೋಗುವಾಗ ರಿಜಿಸ್ಟರಿನಲ್ಲಿ ಬರೆದು ಹೋಗುವುದು, ಇವುಗಳಿಗೆ ಒಂದು ಅರ್ಥ ಇದೆ. ಹಾಸ್ಟೆಲ್ ನಡೆಸುವವರ ಮೇಲೂ ಜವಾಬ್ದಾರಿ ಇರುತ್ತದೆ. ಆದರೆ ಹುಡುಗರ ಹಾಸ್ಟೆಲಿಗೆ ಒಂಬತ್ತೂವರೆ, ಹುಡುಗಿಯರಿಗೆ ಆರೂವರೆ ಎಂದಾಗ ಕಾರಣ ಕೇಳಬೇಕು. ಲೈಬ್ರರಿ ಎಂಟರವರೆಗೆ ತೆರೆದಿದ್ದರೆ ಆ ಒಂದೂವರೆ ಗಂಟೆಯ ಓದು ಹುಡುಗರಿಗೆ ಮಾತ್ರವಾ? ಪತ್ರದಲ್ಲಿ ಇಡಬೇಕಾದ ಪ್ರಶ್ನೆ ಇಂಥದ್ದು. ಸ್ವಾತಂತ್ರ್ಯ ಬೇಕು ಎಂದು ಬರೆದರೆ ಭಾಷಣವಾಗುತ್ತದೆ. ಎಂಟು ಗಂಟೆಯವರೆಗೆ ಲೈಬ್ರರಿ ಬೇಕು ಎಂದು ಬರೆದರೆ ಉತ್ತರ ಕೊಡಲೇಬೇಕಾಗುತ್ತದೆ.

ಆರಿಸಿದ ನಿಯಮದ ಬಗ್ಗೆ ನಾಲ್ಕು ವಿಷಯ ಗೊತ್ತುಮಾಡಿಕೊಳ್ಳಿ. ಎಲ್ಲಿ ಬರೆದಿದೆ, ಯಾರು ಮಾಡಿದ್ದು, ಯಾರಿಗೆ ಅನ್ವಯ, ಶಿಕ್ಷೆ ಆದರೆ ಯಾರ ಹತ್ತಿರ ಹೋಗಿ ಹೇಳಿಕೊಳ್ಳಬೇಕು. ನಾಲ್ಕನೆಯದಕ್ಕೆ ಉತ್ತರ ಸಿಗದಿದ್ದರೆ ಉಳಿದ ಮೂರು ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಬೈಬಲ್ ವಚನ ಎದುರಿಗೆ ಬಂದಾಗ

ಬೇರೆ ಕಾಲೇಜಿನಲ್ಲಿ ಇಲ್ಲದ ಒಂದು ತೊಡಕು ಇಲ್ಲಿದೆ. ನಮ್ಮ ಕಾಲೇಜುಗಳಲ್ಲಿ ಪ್ರಿನ್ಸಿಪಾಲರು ಬರೀ ಪ್ರಿನ್ಸಿಪಾಲರಲ್ಲ, ಎಷ್ಟೋ ಕಡೆ ಅವರೇ ಅಯ್ಯನವರು, ಅಂದರೆ ಚರ್ಚಿನ ಪಾದ್ರಿಗಳು. ಅವರ ಮಾತಿಗೆ ಎದುರಾಡಿದರೆ ದೇವರಿಗೇ ಎದುರಾಡಿದಂತೆ ಎಂದು ಮಕ್ಕಳು ನಂಬಿಬಿಡುತ್ತಾರೆ. ನಂಬಿಸುವುದಕ್ಕೆ ಕೆಲವು ವಚನಗಳು ಸದಾ ಸಿದ್ಧ ಇರುತ್ತವೆ. ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ, ಮೇಲಿನ ಅಧಿಕಾರಿಗಳಿಗೆ ಅಧೀನರಾಗಿರಿ ಎಂಬುದು. ಸಮುವೇಲನ ಮೊದಲ ಪುಸ್ತಕದ 15ನೇ ಅಧ್ಯಾಯ, ತಿರುಗಿಬೀಳುವುದು ಮಂತ್ರವಾದದಷ್ಟೇ ಪಾಪ ಎಂಬುದು. ಅಭಿಷೇಕ ಹೊಂದಿದವರನ್ನು ಮುಟ್ಟಬೇಡಿ ಎಂಬ 105ನೇ ಕೀರ್ತನೆ.

ಆ ಕೀರ್ತನೆಯನ್ನು ಒಮ್ಮೆ ಪೂರ್ತಿ ಓದಿ, 12ನೇ ವಚನದಿಂದ. ಅಬ್ರಹಾಮನ ಮನೆಯವರು ಆಗ ಕೆಲವೇ ಜನ. ಸ್ವಂತ ನೆಲವಿಲ್ಲದೆ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಅಲೆಯುತ್ತಿದ್ದರು. ಅವರಿಗೆ ಕೇಡು ಮಾಡಬೇಡಿ ಎಂದು ದೇವರು ಗದರಿಸಿದ್ದು ರಾಜರನ್ನು. ಅಂದರೆ ಬಲ ಇರುವವನಿಗೆ, ಬಲ ಇಲ್ಲದವನನ್ನು ಮುಟ್ಟಬೇಡ ಎಂದು ಹೇಳಿದ ಮಾತು. ಮನೆ ಬಿಟ್ಟು ಬಂದು ಹಾಸ್ಟೆಲಿನ ಮಂಚದ ಮೇಲೆ ಮಲಗುವ ಹದಿನೆಂಟರ ಹುಡುಗಿಗೂ, ಕೀಲಿಕೈ ಗೊಂಚಲು ಹಿಡಿದ ವಾರ್ಡನ್‌ಗೂ ಈ ವಚನ ಇಟ್ಟು ನೋಡಿ, ಅದು ಯಾರನ್ನು ಕಾಯುತ್ತದೆ ಎಂದು ನಿಮಗೇ ತಿಳಿಯುತ್ತದೆ. ಸಮುವೇಲನ ಮಾತೂ ಹಾಗೇ. ಅದನ್ನು ಹೇಳಿದ್ದು ಸೌಲನಿಗೆ, ಸಿಂಹಾಸನದ ಮೇಲೆ ಕುಳಿತ ಅರಸನಿಗೆ. ಪ್ರಜೆಗೆ ಹೇಳಿದ್ದಲ್ಲ.

ಪ್ರಶ್ನೆ ಕೇಳಿದವರ ಕಥೆಗಳೂ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಬೇಕಾದಷ್ಟಿವೆ. ಅರಣ್ಯಕಾಂಡದ 27ನೇ ಅಧ್ಯಾಯದಲ್ಲಿ ಚಲ್ಪಹಾದನ ಐದು ಹೆಣ್ಣುಮಕ್ಕಳು ಎಲ್ಲರ ಎದುರು ಮೋಶೆಯ ಮುಂದೆ ನಿಂತು, ಅಪ್ಪನಿಗೆ ಗಂಡುಮಕ್ಕಳಿಲ್ಲ ಎಂದಮಾತ್ರಕ್ಕೆ ಅವನ ಹೆಸರು ಯಾಕೆ ಅಳಿಯಬೇಕು, ನಮಗೂ ಪಾಲು ಕೊಡಿ ಎನ್ನುತ್ತಾರೆ. ಮೋಶೆ ಅವರನ್ನು ಗದರಿಸಲಿಲ್ಲ. ಅವರ ಮನೆಗೆ ಫೋನ್ ಮಾಡಿಸಲಿಲ್ಲ! ದೇವರ ಹತ್ತಿರ ಕೇಳಿದ. ಆ ಹುಡುಗಿಯರು ಹೇಳುವುದು ನ್ಯಾಯ ಎಂದು ಉತ್ತರ ಬಂತು, ನಿಯಮ ಬದಲಾಯಿತು. ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯದ ಜಗಳ ಊಟದ್ದು. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಹಂಚುವುದರಲ್ಲಿ ಮೋಸವಾಗುತ್ತಿದೆ ಎಂಬ ದೂರು ಬಂದಾಗ ಅಪೊಸ್ತಲರು, ಅಂದರೆ ಯೇಸುವಿನ ಶಿಷ್ಯರು, ಸಭೆ ಕರೆದು ಏಳು ಜನರ ಕೈಗೆ ಆ ಕೆಲಸ ಕೊಟ್ಟರು. ಆ ಏಳು ಹೆಸರು ಓದಿ ನೋಡಿ, ಎಲ್ಲವೂ ಗ್ರೀಕ್ ಹೆಸರುಗಳೇ. ದೂರು ಕೊಟ್ಟವರ ಕಡೆಯವರನ್ನೇ ಕಮಿಟಿಯಲ್ಲಿ ಕೂರಿಸಿದರು. ನಮ್ಮ ಎಷ್ಟು ಹಾಸ್ಟೆಲ್ ಕಮಿಟಿಗಳಲ್ಲಿ ಹಾಸ್ಟೆಲಿನ ಹುಡುಗಿ ಇದ್ದಾಳೆ, ಹೇಳಿ.

ಆದರೆ ವಾರ್ಡನ್ ರೂಮಿನಲ್ಲಿ ವಚನಕ್ಕೆ ವಚನ ಎಸೆಯುತ್ತ ನಿಲ್ಲಬೇಡಿ. ಅಲ್ಲಿ ನೀವು ಗೆದ್ದರೂ ಅಹಂಕಾರಿ ಎಂದೇ ಬರೆಯುತ್ತಾರೆ. ಇವು ನಿಮ್ಮ ಧೈರ್ಯಕ್ಕೆ. ಪತ್ರದಲ್ಲಿ ಒಂದು ಸಾಲು ಸಾಕು, ಅದೂ ಕೊನೆಯಲ್ಲಿ. ಅವರೊಡನೆ ಬಳಸಬೇಕಾದದ್ದು ಮತ್ತಾಯ 18ರ ಕ್ರಮ. ಮೊದಲು ಒಬ್ಬರೇ ಹೋಗಿ ಮಾತಾಡುವುದು, ಕೇಳದಿದ್ದರೆ ಇಬ್ಬರು ಮೂವರನ್ನು ಕರೆದುಕೊಂಡು ಹೋಗುವುದು, ಆಮೇಲೆ ಸಭೆಗೆ ತಿಳಿಸುವುದು. ಸರ್ಕಾರದ ದೂರು ನಿಯಮಗಳೂ ಹೆಚ್ಚುಕಡಿಮೆ ಇದೇ ಮೆಟ್ಟಿಲು ಹತ್ತುತ್ತವೆ. ಈ ಕ್ರಮದಲ್ಲಿ ಹೋದವರನ್ನು ಬೆನ್ನ ಹಿಂದೆ ಮಾತಾಡಿದರು ಎನ್ನಲು ಯಾರಿಗೂ ಬರುವುದಿಲ್ಲ.

ಕಾನೂನು ಎಷ್ಟು ಗೊತ್ತಿರಬೇಕು

ಮೈನಾರಿಟಿ ಕಾಲೇಜು, ನಮ್ಮ ನಿಯಮ ನಮ್ಮದು ಎಂದು ಆಫೀಸಿನಲ್ಲಿ ಹೇಳುತ್ತಾರೆ. ಅದರಲ್ಲಿ ಅರ್ಧ ನಿಜ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆ ಕಟ್ಟುವ, ನಡೆಸುವ ಹಕ್ಕು ಕೊಟ್ಟಿದೆ. ಆ ಹಕ್ಕು ಇರಲೇಬೇಕು, ನಾನು ಅದರ ಪರವೇ. ಆದರೆ ನಡೆಸುವ ಹಕ್ಕಿನಲ್ಲಿ ಕೆಟ್ಟದಾಗಿ ನಡೆಸುವ ಹಕ್ಕು ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1958ರಲ್ಲೇ ಕೇರಳ ಶಿಕ್ಷಣ ಮಸೂದೆಯ ವಿಚಾರದಲ್ಲಿ ಹೇಳಿದೆ. 2002ರಲ್ಲಿ ಟಿ.ಎಂ.ಎ. ಪೈ ಫೌಂಡೇಷನ್ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಕುಳಿತಾಗಲೂ, ಈ ಹಕ್ಕಿಗೆ ಮಿತಿಯೇ ಇಲ್ಲ ಎಂದು ಹೇಳಲಿಲ್ಲ.

ಕಡ್ಡಾಯ ಪ್ರಾರ್ಥನೆಯ ವಿಷಯಕ್ಕೆ ನೇರವಾಗಿ ಬರುವುದು 28ನೇ ವಿಧಿಯ 3ನೇ ಉಪವಿಧಿ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಸಂಸ್ಥೆಯಲ್ಲಿ ಓದುವ ಯಾರನ್ನೂ, ಅವರ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೆ ಅಥವಾ ಆರಾಧನೆಗೆ ಬರಲೇಬೇಕು ಎನ್ನುವಂತಿಲ್ಲ. ವಿದ್ಯಾರ್ಥಿ ಮೈನರ್ ಆಗಿದ್ದರೆ ಪೋಷಕರ ಒಪ್ಪಿಗೆ ಬೇಕು. ಇದು ಲಿಂಗಾಯತ, ಮುಸ್ಲಿಂ ಮಕ್ಕಳಿಗೆ ಮಾತ್ರ ಎಂದುಕೊಳ್ಳಬೇಡಿ. ಸಭೆಯ ಮಕ್ಕಳಿಗೂ ಇದೇ. ಹಾಜರಿ ಕಾರ್ಡಿಗೆ ಹೆದರಿ ಮಾಡಿದ ಪ್ರಾರ್ಥನೆಯಿಂದ ಭಕ್ತಿ ಬೆಳೆದದ್ದನ್ನು ನಾನಂತೂ ಕಂಡಿಲ್ಲ. ಚಾಪೆಲ್‌ನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೋಕಾಕದ ಹುಡುಗಿಗೆ ಹಾಡುವುದೆಂದರೆ ಪ್ರಾಣ. ಕಾರ್ಡಿಗೆ ಮುದ್ರೆ ಒತ್ತುವ ಪದ್ಧತಿ ಬಂದ ಮೇಲೆ ಅವಳು ಬಾಯಿ ತೆರೆಯಲಿಲ್ಲ. ಅಡ್ಮಿಷನ್ ಫಾರಂನಲ್ಲಿ ಆರಾಧನೆಗೆ ಒಪ್ಪಿದ್ದೇನೆ ಎಂಬ ಸಾಲು ಇದೆಯೇ ಎಂದು ಮಾತ್ರ ಮೊದಲು ನೋಡಿಕೊಳ್ಳಿ. ಇದ್ದರೆ ಕಾಲೇಜು ಅದನ್ನೇ ತೋರಿಸುತ್ತದೆ. ಆಗ ಇನ್ನು ಮುಂದೆ ನನ್ನ ಒಪ್ಪಿಗೆ ಇಲ್ಲ ಎಂದು ತಾರೀಖು ಹಾಕಿ ಬರೆದು ಕೊಡಬೇಕು.

ಎರಡು ತೀರ್ಪು ನೆನಪಿಡಿ. 1986ರ ಬಿಜೋ ಇಮ್ಯಾನ್ಯುಯೆಲ್ ಪ್ರಕರಣ. ಕೇರಳದಲ್ಲಿ ಯೆಹೋವನ ಸಾಕ್ಷಿಗಳ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಶಾಲೆ ಹೊರಹಾಕಿತು. ಸುಪ್ರೀಂ ಕೋರ್ಟ್ ವಾಪಸ್ ಸೇರಿಸಿಕೊಳ್ಳಿ ಎಂದಿತು. ಆತ್ಮಸಾಕ್ಷಿ ಎಂಬುದಕ್ಕೆ ಈ ದೇಶದ ಕಾನೂನಿನಲ್ಲಿ ಜಾಗ ಇದೆ ಎಂದು ತೋರಿಸಿಕೊಟ್ಟವರು ಒಂದು ಸಣ್ಣ ಕ್ರೈಸ್ತ ಪಂಥದ ಮಕ್ಕಳು, ಇದನ್ನು ನಮ್ಮ ಕಾಲೇಜುಗಳು ಮರೆಯಬಾರದು. ಇನ್ನೊಂದು 2019ರ ಫಹೀಮಾ ಶಿರಿನ್ ಪ್ರಕರಣ. ಕೋಝಿಕ್ಕೋಡ್ ಜಿಲ್ಲೆಯ ಒಂದು ಕಾಲೇಜಿನ ಹಾಸ್ಟೆಲಿನಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ ಫೋನ್ ಒಪ್ಪಿಸಬೇಕಿತ್ತು. ಒಪ್ಪಿಸದ ಹುಡುಗಿಯನ್ನು ಹಾಸ್ಟೆಲಿನಿಂದ ಕಳಿಸಿದರು. ಇಂಟರ್‌ನೆಟ್ ಬಳಸುವುದು ಶಿಕ್ಷಣದ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದು ಹೇಳಿ ಕೇರಳ ಹೈಕೋರ್ಟ್ ಅವಳನ್ನು ಮತ್ತೆ ಸೇರಿಸಿಕೊಳ್ಳಲು ಆದೇಶಿಸಿತು. ಅದು ಕೇರಳದ ಕೋರ್ಟು. ಇಲ್ಲಿ ಕಟ್ಟಾಗಿ ಪಾಲಿಸಬೇಕೆಂದಿಲ್ಲ. ಆದರೂ ಪತ್ರದಲ್ಲಿ ಅದರ ಹೆಸರಿದ್ದರೆ ಓದುವವರು ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ದಿನನಿತ್ಯಕ್ಕೆ ಹೆಚ್ಚು ಉಪಯೋಗಕ್ಕೆ ಬರುವುದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2023ರ ವಿದ್ಯಾರ್ಥಿ ಕುಂದುಕೊರತೆ ನಿಯಮಗಳು. ಕಾಲೇಜಿನಲ್ಲಿ ಕುಂದುಕೊರತೆ ಸಮಿತಿ ಇರಲೇಬೇಕು. ಅದರಲ್ಲಿ ಮಹಿಳೆಯರಿಗೆ ಸ್ಥಾನ ಇರಬೇಕು, ವಿಶೇಷ ಆಹ್ವಾನಿತರಾಗಿ ಒಬ್ಬ ವಿದ್ಯಾರ್ಥಿ ಪ್ರತಿನಿಧಿಯೂ ಇರಬೇಕು. ದೂರು ಬಂದ 15 ಕೆಲಸದ ದಿನಗಳ ಒಳಗೆ ಆದಷ್ಟು ವರದಿ ಕೊಡಬೇಕು, ಅದರ ಪ್ರತಿ ನಿಮಗೂ ಬರಬೇಕು. ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್‌ಗೆ, ಅಂದರೆ ಇಂಥ ಮೇಲ್ಮನವಿ ಕೇಳಲೆಂದೇ ನೇಮಿಸಿದವರಿಗೆ, ಮೇಲ್ಮನವಿ. ಒರಿಜಿನಲ್ ಸರ್ಟಿಫಿಕೇಟ್ ಕೊಡದೆ ಸತಾಯಿಸುವುದೂ ಈ ನಿಯಮಗಳ ಪ್ರಕಾರ ಕುಂದುಕೊರತೆಯೇ. ಇನ್ನೊಂದು ಮಾತು ಇದರಲ್ಲಿದೆ, ನನಗೆ ಎಲ್ಲಕ್ಕಿಂತ ಮುಖ್ಯ ಎನಿಸಿದ್ದು. ಶಿಸ್ತಿನ ಸೂಚನೆಗಳು ಪ್ರಾಸ್ಪೆಕ್ಟಸ್‌ನಲ್ಲಿ ಇರಬೇಕು, ಅದನ್ನು ಅಡ್ಮಿಷನ್‌ಗೆ ಮೊದಲೇ ಪ್ರಕಟಿಸಬೇಕು. ನಿಯಮ ಬರೆದು ಕೊಡಿ ಎಂದು ನೀವು ಕೇಳಿದರೆ ಹೆಚ್ಚಿಗೆ ಏನನ್ನೂ ಕೇಳಿದಂತಲ್ಲ.

ಯಾವ ವಿಶ್ವವಿದ್ಯಾಲಯ ಎಂದು ಗೊತ್ತಾಗದಿದ್ದರೆ ನಿಮ್ಮ ಮಾರ್ಕ್ಸ್ ಕಾರ್ಡ್ ನೋಡಿ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಎಂದಿದ್ದರೆ ಅದು ಬೆಳಗಾವಿ ಹತ್ತಿರ. ಮಹಿಳಾ ಕಾಲೇಜಾಗಿದ್ದರೆ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇರಬಹುದು. ನರ್ಸಿಂಗ್ ಆದರೆ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಪಿಯು ಮಕ್ಕಳಿಗೆ ಯುಜಿಸಿ ನಿಯಮ ಬರುವುದಿಲ್ಲ, ನೀವು ಜಿಲ್ಲೆಯ ಪದವಿಪೂರ್ವ ಶಿಕ್ಷಣದ ಉಪನಿರ್ದೇಶಕರ (ಡಿಡಿಪಿಯು) ಕಚೇರಿಗೆ ಹೋಗಬೇಕು.

ಪತ್ರ ಬರೆಯುವುದು, ಕೊಡುವುದು

ಒಂದು ಪುಟ ದಾಟಬಾರದು. ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷ್ ಬಾರದ ಅಪ್ಪ ಅವ್ವನೂ ಅದನ್ನು ಓದಬೇಕಾಗುತ್ತದೆ. ಬೈಗುಳ ಬೇಡ, ವಾರ್ಡನ್ ಹೆಸರೂ ಬೇಡ, ಅವರ ಸ್ವಭಾವದ ವರ್ಣನೆಯಂತೂ ಬೇಡವೇ ಬೇಡ. ಹೀಗಿರಲಿ:

“ಮಾನ್ಯ ಪ್ರಾಚಾರ್ಯರಿಗೆ, ವಿಷಯ: ಪ್ರಾರ್ಥನಾ ಕೂಟಕ್ಕೆ ಗೈರುಹಾಜರಿಯ ದಂಡದ ಬಗ್ಗೆ. ಈ ತಿಂಗಳ ಇಂಥ ತಾರೀಖಿನಂದು ಬುಧವಾರದ ಕೂಟಕ್ಕೆ ಬರಲಿಲ್ಲವೆಂದು ನನ್ನಿಂದ 50 ರೂಪಾಯಿ ತೆಗೆದುಕೊಳ್ಳಲಾಗಿದೆ. ರಸೀದಿ ಕೊಟ್ಟಿಲ್ಲ. ಹಾಸ್ಟೆಲ್ ಹ್ಯಾಂಡ್‌ಬುಕ್ಕಿನಲ್ಲಾಗಲಿ ಪ್ರಾಸ್ಪೆಕ್ಟಸ್‌ನಲ್ಲಾಗಲಿ ಈ ದಂಡ ನನಗೆ ಕಾಣಲಿಲ್ಲ. ದಯವಿಟ್ಟು ಈ ನಿಯಮ ಎಲ್ಲಿದೆ, ಯಾರು ಯಾವಾಗ ಮಾಡಿದ್ದು, ಸಂಗ್ರಹವಾದ ಹಣ ಯಾವ ಖಾತೆಗೆ ಹೋಗುತ್ತದೆ ಎಂದು ಲಿಖಿತವಾಗಿ ತಿಳಿಸಬೇಕು. ನಿಯಮ ಇಲ್ಲದಿದ್ದರೆ ಹಣ ಹಿಂತಿರುಗಿಸಬೇಕು. ಆರಾಧನೆ ಸ್ವಇಚ್ಛೆಯಿಂದ ಆಗಬೇಕು ಎಂಬುದು ನನ್ನ ನಂಬಿಕೆ.”

ಇಷ್ಟೇ. ಇದರಲ್ಲಿ ಹಣ ಯಾವ ಖಾತೆಗೆ ಎಂಬ ಸಾಲು ಬಿಡಬೇಡಿ. ರಸೀದಿ ಇಲ್ಲದ ಹಣಕ್ಕೆ ಆಡಿಟ್‌ನಲ್ಲಿ ಉತ್ತರ ಕೊಡಲಾಗುವುದಿಲ್ಲ, ಆಫೀಸಿನವರಿಗೆ ಇದು ಚೆನ್ನಾಗಿ ಗೊತ್ತು.

ಈಗ ಕೊಡುವ ವಿಧಾನ. ಎರಡು ಪ್ರತಿ ಮಾಡಿ. ಆಫೀಸಿನಲ್ಲಿ ಇನ್‌ವರ್ಡ್ ನೋಡುವ ಗುಮಾಸ್ತರ ಹತ್ತಿರ ಹೋಗಿ. ಅವರ ಮೇಜಿನ ಮೇಲೆ ಉದ್ದನೆಯ ಆವಕ ರಿಜಿಸ್ಟರ್ ಇರುತ್ತದೆ. ಕ್ರಮಸಂಖ್ಯೆ, ತಾರೀಖು, ಯಾರಿಂದ, ವಿಷಯ, ಯಾರಿಗೆ ಕಳಿಸಿದ್ದು, ಹೀಗೆ ಕಾಲಂಗಳು. ನಿಮ್ಮ ಪತ್ರ ಆ ಪುಸ್ತಕದಲ್ಲಿ ಏರಿ ನಂಬರ್ ಬೀಳುವವರೆಗೆ ಅದಕ್ಕೆ ಕಚೇರಿಯ ಲೆಕ್ಕದಲ್ಲಿ ಜೀವವೇ ಇಲ್ಲ. ನಿಮ್ಮ ಪ್ರತಿಯ ಮೇಲೆ ಆ ನಂಬರ್, ತಾರೀಖು, ಸೀಲು, ಸಹಿ ಹಾಕಿಸಿಕೊಳ್ಳಿ. “ಇಟ್ಟು ಹೋಗವ್ವಾ, ಸರ್ ಬಂದ ಮ್ಯಾಲೆ ಕೊಡ್ತೀನಿ” ಎಂದರೆ “ನಂಬರ್ ಹಾಕಿ ಕೊಡ್ರೀ ಅಣ್ಣಾ, ನಿಂದರ್ತೀನಿ” ಎಂದು ಅಲ್ಲೇ ನಿಂತುಕೊಳ್ಳಿ. ನಾನು ಆ ಕುರ್ಚಿಯಲ್ಲಿ ಕುಳಿತಾಗ ಕಂಡದ್ದು ಇದು: ನಂಬರ್ ಬಿದ್ದ ಅರ್ಜಿ ಪ್ರಿನ್ಸಿಪಾಲರ ಟಪಾಲು ಪ್ಯಾಡಿಗೆ ಹೋಗಲೇಬೇಕು. ಅವರು ಅದರ ಮೇಲೆ ಏನಾದರೂ ಒಂದು ಬರೆಯಲೇಬೇಕು. ನಂಬರ್ ಬೀಳದ್ದು ಯಾರ ಕಣ್ಣಿಗೂ ಬೀಳದೆ ಮುಗಿಯುತ್ತದೆ. ತಗೊಳ್ಳುವುದೇ ಇಲ್ಲ ಎಂದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ.

ಉತ್ತರ ಬರದಿದ್ದರೆ, ಬಹುಪಾಲು ಸರ್ಕಾರದ ಅನುದಾನದಿಂದ ನಡೆಯುವ ಕಾಲೇಜಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು. 10 ರೂಪಾಯಿ ಪೋಸ್ಟಲ್ ಆರ್ಡರ್. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. 30 ದಿನದಲ್ಲಿ ಉತ್ತರ ಬರಬೇಕು. ದಂಡ ನಿಗದಿ ಮಾಡಿದ ಆಡಳಿತ ಮಂಡಳಿ ಠರಾವಿನ ಪ್ರತಿ ಕೊಡಿ ಎಂದು ಕೇಳಿ. ಠರಾವೇ ಇಲ್ಲದಿದ್ದರೆ ಇಲ್ಲ ಎಂದು ಬರೆದು ಕೊಡಬೇಕಾಗುತ್ತದೆ. ಆ ಒಂದು ಹಾಳೆ ಕೈಗೆ ಬಂದರೆ ಅರ್ಧ ಕೆಲಸ ಆದಂತೆ.

ಕ್ಷಮಾಪಣೆ ಪತ್ರಕ್ಕೆ ಸಹಿ ಹಾಕುವ ಮೊದಲು

ಇದರ ಬಗ್ಗೆ ನಿಧಾನವಾಗಿ ಹೇಳಬೇಕು, ಮಕ್ಕಳು ಸಿಕ್ಕಿಬೀಳುವುದು ಇಲ್ಲೇ. ವಾರ್ಡನ್ ರೂಮಿಗೆ ಕರೆಸುತ್ತಾರೆ. ಬಾಗಿಲು ಹಾಕುತ್ತಾರೆ. ಬಿಳಿ ಹಾಳೆ, ಪೆನ್ನು ಎದುರಿಗೆ. ಅವರು ಇಂಗ್ಲಿಷಿನಲ್ಲಿ ಹೇಳುತ್ತ ಹೋಗುತ್ತಾರೆ, ನೀವು ಬರೆಯುತ್ತ ಹೋಗಬೇಕು. ಮೊದಲ ಸಾಲು ಸಾಧಾರಣ ಇರುತ್ತದೆ, ತಡವಾಗಿ ಬಂದೆ ಎಂದು. ಎರಡನೆಯ ಸಾಲಿನಲ್ಲಿ ನನ್ನ ನಡತೆ ಸರಿಯಿರಲಿಲ್ಲ ಎಂದಾಗುತ್ತದೆ. ಕೊನೆಯಲ್ಲಿ ಇನ್ನೊಮ್ಮೆ ಹೀಗಾದರೆ ನನ್ನನ್ನು ಕಾಲೇಜಿನಿಂದ ತೆಗೆದುಹಾಕಲು ನನ್ನ ಪೂರ್ಣ ಒಪ್ಪಿಗೆ ಇದೆ ಎಂದು ಬರೆಸುತ್ತಾರೆ. ಬಸ್ ಕೆಟ್ಟು ಹತ್ತು ನಿಮಿಷ ತಡವಾಗಿ ಬಂದ ಹುಡುಗಿ ಆ ರೂಮಿನಿಂದ ಹೊರಬರುವಷ್ಟರಲ್ಲಿ ನಡತೆಗೆಟ್ಟವಳಾಗಿ, ತನ್ನ ಟಿಸಿಗೆ ತಾನೇ ಸಹಿ ಹಾಕಿರುತ್ತಾಳೆ. ಆಫೀಸಿನಲ್ಲಿ ಇಂಥ ಹಾಳೆಗಳ ಫೈಲ್ ನನ್ನ ಕೈಯಲ್ಲಿ ಇರುತ್ತಿತ್ತು. ಬೇರೆ ಬೇರೆ ಅಕ್ಷರ, ಒಳಗೆ ಅದೇ ವಾಕ್ಯಗಳು. ಕೆಲವು ಹಾಳೆಗಳಲ್ಲಿ ಶಾಯಿ ಕಲೆಸಿರುತ್ತಿತ್ತು.

ಹಾಗಾಗಿ ಇದನ್ನು ಮನೆಯಲ್ಲೇ ರೂಢಿ ಮಾಡಿಕೊಳ್ಳಿ. “ಮೇಡಂ, ಏನು ನಡೆದಿದೆಯೋ ಅದನ್ನು ನನ್ನ ಮಾತಿನಲ್ಲಿ ಬರೆದು ಕೊಡುತ್ತೇನೆ, ನಾಳೆ ಬೆಳಗ್ಗೆಯವರೆಗೆ ಸಮಯ ಕೊಡಿ.” ಈ ವಾಕ್ಯದಲ್ಲಿ ಅವಿಧೇಯತೆ ಏನೂ ಇಲ್ಲ. ಬರೆಯಲೇಬೇಕಾಗಿ ಬಂದರೆ ನಡೆದದ್ದನ್ನು ಮಾತ್ರ ಬರೆಯಿರಿ: ಗಂಟೆ, ಕಾರಣ, ಬಸ್ ಟಿಕೆಟ್ ಇದ್ದರೆ ಅದು. ನಡತೆ, ಚಾರಿತ್ರ್ಯ, ಪಾಪ ಎಂಬ ಪದಗಳು ನಿಮ್ಮ ಕೈಯಿಂದ ಬರುವುದು ಬೇಡ. ಕೆಳಗೆ ತಾರೀಖಿನ ಜೊತೆ ಗಂಟೆಯನ್ನೂ ಬರೆಯಿರಿ. ಖಾಲಿ ಹಾಳೆಗೆ ಸಹಿ ಹಾಕಲೇಬೇಡಿ. ಇದು ಪ್ರಾಣ ಹೋದರೂ ಬಿಡಬಾರದ ಮಾತು.

ಇಂಥ ರೂಮಿನಲ್ಲಿ ಮೈಮುಟ್ಟಿ ತಪಾಸಣೆ, ಮುಜುಗರದ ಪ್ರಶ್ನೆ ನಡೆದರೆ ಅದು ಶಿಸ್ತಿನ ವಿಷಯವಾಗಿ ಉಳಿಯುವುದಿಲ್ಲ. ಲೈಂಗಿಕ ಕಿರುಕುಳದ ದೂರು ಕೇಳುವ ಕಾಲೇಜಿನ ಆಂತರಿಕ ದೂರು ಸಮಿತಿಗೆ ನೇರವಾಗಿ ಬರೆಯಿರಿ.

ಮನೆಯವರು, ಜೊತೆಯವರು, ಹಳೆಯ ವಿದ್ಯಾರ್ಥಿಗಳು

ಕಾಲೇಜು ಫೋನ್ ಮಾಡುವ ಮೊದಲು ನೀವೇ ಮನೆಗೆ ಹೇಳಿ. ಇದು ತಪ್ಪಿದರೆ ಉಳಿದದ್ದೆಲ್ಲ ಕಷ್ಟ. ನಮ್ಮ ಕಡೆ ಮಗಳ ಬಗ್ಗೆ ಕಾಲೇಜಿನಿಂದ ಫೋನ್ ಬಂತೆಂದರೆ ಏನಾಯಿತು ಎಂದು ಯಾರೂ ಕೇಳುವುದಿಲ್ಲ, ಓದು ಬಿಡಿಸಿ ಮದುವೆ ಮಾಡುವ ಮಾತೇ ಮೊದಲು ಬರುತ್ತದೆ. ವಾರ್ಡನ್‌ಗಳಿಗೆ ಇದು ಗೊತ್ತು, ಆ ಫೋನಿನ ಬಲ ಇರುವುದೇ ಅದರಲ್ಲಿ. ಅಪ್ಪನಿಗೆ ಹೇಳಲು ಧೈರ್ಯ ಸಾಲದಿದ್ದರೆ ಸೋದರಮಾವನಿಗೋ ದೊಡ್ಡಮ್ಮನಿಗೋ ಹೇಳಿ. ಪತ್ರದ ಪ್ರತಿ ತೋರಿಸಿ. ಸಾಧ್ಯವಾದರೆ ನಿಮ್ಮ ಊರಿನ ಸಭಾಪಾಲಕರಿಗೂ ಒಂದು ಪ್ರತಿ ಕೊಡಿ. ಎಲ್ಲ ಅಯ್ಯನವರೂ ಒಂದೇ ತರಹ ಇರುವುದಿಲ್ಲ. ನನ್ನ ಪರವಾಗಿ ಪ್ರಿನ್ಸಿಪಾಲರ ಹತ್ತಿರ ಮೊದಲು ಮಾತಾಡಿದವರು ನಮ್ಮೂರಿನ ಅಯ್ಯನವರೇ.

ಸಹಿ ಸಂಗ್ರಹ ಮಾಡುವುದಾದರೆ ಎಲ್ಲರ ಸಹಿ ಚಕ್ರದ ಹಾಗೆ ಸುತ್ತಲೂ ಹಾಕಿಸಿ, ಮೊದಲ ಸಹಿ ಯಾರದು ಎಂದು ತಿಳಿಯಬಾರದು. ಫೈನಲ್ ಇಯರ್‌ನವರು ಹೆಚ್ಚಾಗಿರಲಿ. ಗುಂಪಿನ ವಾಟ್ಸಾಪ್‌ನಲ್ಲಿ ವಾರ್ಡನ್ ಬಗ್ಗೆ ಹಗುರ ಮಾತು ಬರೆಯದಂತೆ ಎಲ್ಲರಿಗೂ ಹೇಳಿ. ಒಂದು ಸ್ಕ್ರೀನ್‌ಶಾಟ್ ಸಾಕು, ಇಡೀ ದೂರು ಬದಿಗೆ ಹೋಗಿ ಆ ಮಾತೇ ವಿಚಾರಣೆಯಾಗುತ್ತದೆ.

ಹಳೆಯ ವಿದ್ಯಾರ್ಥಿಗಳಿಗೆ ಟಿಸಿಯ ಭಯ ಇರುವುದಿಲ್ಲ. ಅವರನ್ನು ಹುಡುಕಿ. ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ಬಾಬ್ ಜೋನ್ಸ್ ಯೂನಿವರ್ಸಿಟಿ ಎಂಬ ಕಟ್ಟುನಿಟ್ಟಿನ ಕ್ರೈಸ್ತ ಸಂಸ್ಥೆ ಇದೆ. ಬೇರೆ ಬೇರೆ ಬಣ್ಣದ ಹುಡುಗ ಹುಡುಗಿ ಪ್ರೀತಿಸುವಂತಿಲ್ಲ ಎಂಬ ನಿಯಮ ಅಲ್ಲಿ ಇತ್ತು, ಅದಕ್ಕೂ ವಚನವನ್ನೇ ಆಧಾರ ಕೊಡುತ್ತಿದ್ದರು. 1983ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಇದೇ ಕಾರಣಕ್ಕೆ ಅದರ ತೆರಿಗೆ ವಿನಾಯಿತಿ ಹೋದದ್ದು ಸರಿ ಎಂದಿತು. ಆದರೂ ನಿಯಮ ಬಿಟ್ಟದ್ದು 2000ದಲ್ಲಿ. ಹಳೆಯ ವಿದ್ಯಾರ್ಥಿಗಳು ಸಹಿ ಕೂಡಿಸಿ ಒತ್ತಾಯ ಮಾಡಿದ ಮೇಲೆ 2008ರಲ್ಲಿ ಸಂಸ್ಥೆ ಕ್ಷಮೆ ಕೇಳಿತು. ದೇವರ ಕಟ್ಟಳೆ ಎಂದು ದಶಕಗಟ್ಟಲೆ ಹೇಳಿದ್ದನ್ನು ಅವರೇ ತಪ್ಪು ಎಂದು ಒಪ್ಪಿಕೊಂಡರು. ನಿಮ್ಮ ವಾರ್ಡನ್ ಇದು ದೇವರ ನಿಯಮ ಎಂದಾಗ ಇದು ನೆನಪಿರಲಿ.

ಬೈಬಲ್ ಕಾಲೇಜಿನಲ್ಲಿ, ಸೆಮಿನರಿಯಲ್ಲಿ ಓದುವವರ ದಾರಿ ಬೇರೆ. ಅಲ್ಲಿ ಆರಾಧನೆ ಪಾಠದ ಭಾಗವೇ, ಹೆಚ್ಚಿನವು ಯುಜಿಸಿ ಅಡಿಯಲ್ಲಿ ಬರುವುದಿಲ್ಲ. ಆದರೂ ಅವು ಯಾವುದೋ ಸೊಸೈಟಿ ಅಥವಾ ಟ್ರಸ್ಟ್ ಹೆಸರಿನಲ್ಲಿ ನೋಂದಣಿ ಆಗಿರುತ್ತವೆ, ಬೈಲಾ ಇರುತ್ತದೆ. ಆ ಬೈಲಾ ಓದಿ, ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಬರೆಯಿರಿ. ಡಯಾಸಿಸ್, ಅಂದರೆ ಬಿಷಪ್ಪರ ಆಡಳಿತದ ಪ್ರಾಂತ, ನಡೆಸುವ ಸಂಸ್ಥೆಯಾದರೆ ಬಿಷಪ್ ಕಚೇರಿಗೆ.

ತಿರುಗಿ ಏಟು ಬಂದರೆ

ಬರಬಹುದು. ಇಂಟರ್ನಲ್ ಮಾರ್ಕ್ಸ್ ಕಡಿಮೆಯಾಗಬಹುದು, ಹಾಲ್ ಟಿಕೆಟ್ ತಡೆಯಬಹುದು, ನಡತೆ ಪ್ರಮಾಣಪತ್ರದಲ್ಲಿ ಒಂದು ಪದ ಬದಲಾಗಬಹುದು. ಅದಕ್ಕೇ ಪತ್ರ ಕೊಡಲು ಸೆಮಿಸ್ಟರ್ ಶುರುವಾದ ಹೊಸತು ಒಳ್ಳೆಯ ಸಮಯ, ಪರೀಕ್ಷೆಯ ಹಿಂದಿನ ವಾರ ಬೇಡ. ಅಷ್ಟರೊಳಗೆ ಹಾಜರಾತಿ, ಫೀ ಎರಡೂ ಚೊಕ್ಕ ಇಟ್ಟುಕೊಳ್ಳಿ. ಇಂಟರ್ನಲ್ ಟೆಸ್ಟಿನ ಅಂಕಗಳ ಫೋಟೋ ತೆಗೆದಿಟ್ಟುಕೊಳ್ಳಿ. ಸಸ್ಪೆಂಡ್ ಎಂದು ಬಾಯಿಮಾತಿನಲ್ಲಿ ಹೇಳಿದರೆ ಆದೇಶ ಬರೆದು ಕೊಡಿ ಎಂದು ಕೇಳಿ, ಸಿಗುವವರೆಗೆ ಕ್ಲಾಸಿಗೆ ಹೋಗುತ್ತಿರಿ. ನೋಟಿಸ್ ಕೊಡದೆ, ನಿಮ್ಮ ಮಾತು ಕೇಳದೆ ಹೊರಹಾಕಿದ ಆದೇಶ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ದುಡ್ಡಿಲ್ಲ ಎಂದು ಹಿಂಜರಿಯಬೇಡಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ, ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ. ಅಲ್ಲಿಗೆ ಹೋಗುವಾಗ ಇನ್‌ವರ್ಡ್ ನಂಬರ್ ಇರುವ ಪ್ರತಿ, ಸ್ಪೀಡ್ ಪೋಸ್ಟ್ ರಸೀದಿ, ಹ್ಯಾಂಡ್‌ಬುಕ್ಕು, ಅಂಡರ್‌ಟೇಕಿಂಗ್ ಪ್ರತಿ ಎಲ್ಲ ಒಂದೇ ಫೈಲಿನಲ್ಲಿ ತಾರೀಖಿನ ಪ್ರಕಾರ ಜೋಡಿಸಿ ಒಯ್ಯಿರಿ. ಒರಿಜಿನಲ್ ಯಾರ ಕೈಗೂ ಕೊಡಬೇಡಿ, ವಕೀಲರಿಗೂ ಝೆರಾಕ್ಸೇ ಕೊಡಿ.